ಓದುಗರ ಪ್ರಶ್ನೆ, ನಮ್ಮ ಉತ್ತರ: ಡ್ರೋನ್ ಓಟದ ಸುತ್ತು ಎಣಿಸುವ ಸಾಧನ

ಪ್ರಶ್ನೆ: ನಾವು ಮೂವರು ಗೆಳೆಯರು ಕೊಯ್ಲು ಮುಗಿದ ಗದ್ದೆ ಬಯಲಿನಲ್ಲಿ ಭಾನುವಾರಗಳಂದು ಐದು ಇಂಚಿನ ಡ್ರೋನ್‌ಗಳ ಓಟ ನಡೆಸುತ್ತೇವೆ. ಹಾರಿಸುವವರ ಕಣ್ಣಿಗೆ ವಿಡಿಯೊ ಕನ್ನಡಕ ಇರುವುದರಿಂದ ನಾಲ್ಕನೆಯವನೊಬ್ಬ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಸಮಯ ನೋಡುತ್ತಾನೆ. ಅವನು ಹೇಳಿದ ಸಮಯವನ್ನು ಯಾರೂ ಒಪ್ಪುವುದಿಲ್ಲ. ಸಿದ್ಧ ಟೈಮರ್‌ನ ಬೆಲೆ ನಮಗೆ ಎಟುಕುವಂತಿಲ್ಲ. ನಮ್ಮ ಬಳಿ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಮತ್ತು ಡ್ರೋನಿನ ವಿಡಿಯೊ ಸಿಗ್ನಲ್ ಹಿಡಿಯುವ ಮೂರು ಆರ್‌ಎಕ್ಸ್5808 ರಿಸೀವರ್‌ಗಳಿವೆ. ಇವುಗಳಿಂದ ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ನಿಖರವಾದ ಟೈಮರ್ ಕಟ್ಟುವುದು ಹೇಗೆ?
– ಡಿಪ್ಲೊಮಾ ವಿದ್ಯಾರ್ಥಿ, ಕುಮಟಾ

ಉತ್ತರ: ಕಟ್ಟಬಹುದು, ಆದರೆ ಸಾವಿರದಲ್ಲೊಂದು ಭಾಗದ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಅದೇಕೆ ಎಂಬುದು ಮುಂದೆ ತಾನಾಗಿ ತಿಳಿಯುತ್ತದೆ.

ಈ ಸಾಧನಕ್ಕೆ ಡ್ರೋನ್ ಕಾಣಿಸುವುದಿಲ್ಲ, ಕೇಳಿಸುತ್ತದೆ. ನಿಮ್ಮ ಡ್ರೋನಿನ ವಿಡಿಯೊ ಟ್ರಾನ್ಸ್‌ಮಿಟರ್ ಕನ್ನಡಕಕ್ಕೆ ಚಿತ್ರ ಕಳುಹಿಸಲೆಂದು 5.8 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಒಂದೇ ಸಮನೆ ಕೂಗುತ್ತಿರುತ್ತದೆ. ಡ್ರೋನ್ ಪ್ರತಿ ಸುತ್ತಿಗೂ ದಾಟುವ ಗೇಟಿನ ಬಳಿ ಇಟ್ಟ ರಿಸೀವರ್ ಆ ಚಿತ್ರದ ಗೊಡವೆಗೆ ಹೋಗದೆ ಕೂಗು ಎಷ್ಟು ಜೋರಾಗಿದೆ ಎಂಬುದನ್ನಷ್ಟೇ ಅಳೆಯುತ್ತದೆ. ದೇವಿಮನೆ ಘಟ್ಟದ ತಿರುವಿನಲ್ಲಿ ಕಣ್ಣು ಮುಚ್ಚಿ ನಿಂತವನಿಗೂ ಬಸ್ಸಿನ ಸದ್ದು ಏರುತ್ತ ಬಂದು, ಒಂದು ಕ್ಷಣ ತುತ್ತತುದಿ ಮುಟ್ಟಿ, ಮತ್ತೆ ಇಳಿಯುವುದು ತಿಳಿಯುತ್ತದಲ್ಲವೇ? ಬಸ್ಸು ಎದುರಿನಿಂದ ಹಾದುಹೋದ ಹೊತ್ತು ಆ ತುತ್ತತುದಿ. ಒಂದು ತುದಿಯಿಂದ ಮುಂದಿನ ತುದಿಯವರೆಗಿನ ಅಂತರವೇ ಒಂದು ಸುತ್ತಿನ ಸಮಯ.

ಹೀಗಾಗಿ ಇಡೀ ಕೆಲಸ ನಿಂತಿರುವುದು ಆ ಶಿಖರದ ಆಕಾರದ ಮೇಲೆ. ಈ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಪ್ರೋಗ್ರಾಮಿನ ತಪ್ಪು ಹುಡುಕಿಕೊಡಿ ಎಂದು ಕೇಳುತ್ತವೆ. ತಪ್ಪು ಇರುವುದು ಸಾಮಾನ್ಯವಾಗಿ ರಿಸೀವರ್ ಇಟ್ಟ ಜಾಗದಲ್ಲಿ. ಆದ್ದರಿಂದ ಸುತ್ತು ಎಣಿಸುವ ಒಂದು ಸಾಲನ್ನೂ ಬರೆಯುವ ಮೊದಲು, ಸಿಗ್ನಲ್ ಬಲವನ್ನು ಓದಿ ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆರೆಯಾಗಿ ಎಳೆಯುವ ಪುಟ್ಟ ಪ್ರೋಗ್ರಾಮ್ ಬರೆಯಿರಿ. ಬೋರ್ಡಿಗೆ ಪ್ರೋಗ್ರಾಮ್ ಬರೆಯಲು ಬಳಸುವ ಆರ್ಡುಯಿನೊ ತಂತ್ರಾಂಶದಲ್ಲಿರುವ ಸೀರಿಯಲ್ ಪ್ಲಾಟರ್ ಇದಕ್ಕೆ ಸಾಕು. ಗದ್ದೆಗೆ ಹೋಗಿ ಒಬ್ಬರೇ ಹತ್ತು ಸುತ್ತು ಹಾರಿಸಿ, ಆ ಗೆರೆಯನ್ನು ನೋಡಿ. ಹತ್ತು ಚೊಕ್ಕ ಶಿಖರಗಳು ಕಂಡರೆ ಉಳಿದದ್ದು ಒಂದು ಸಂಜೆಯ ಕೆಲಸ. ಕಾಣದಿದ್ದರೆ ಯಾವ ಪ್ರೋಗ್ರಾಮೂ ನಿಮ್ಮನ್ನು ಕಾಪಾಡುವುದಿಲ್ಲ.

ಇನ್ನು ಜೋಡಣೆ. ಆರ್‌ಎಕ್ಸ್5808 ಒಳಗಿರುವುದು ಆರ್‌ಟಿಸಿ6715 ಎಂಬ ಚಿಪ್. ಹಳೆಯ ತಯಾರಿಕೆಯ ಮಾಡ್ಯೂಲ್‌ಗಳಲ್ಲಿ ಚಾನೆಲ್ ಆಯ್ಕೆಯ ಮೂರು ಕಾಲುಗಳನ್ನು (ಪಿನ್) ಎಸ್‌ಪಿಐ ರೀತಿಯಲ್ಲಿ, ಅಂದರೆ ಬೋರ್ಡಿನಿಂದ ಚಿಪ್ಪಿಗೆ ಆಜ್ಞೆ ಕಳುಹಿಸುವಂತೆ, ಬಳಸಬೇಕಾದರೆ ಮೇಲಿನ ತಗಡಿನ ಮುಚ್ಚಳ ಬಿಚ್ಚಿ, ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ರೆಸಿಸ್ಟರ್ ತೆಗೆಯಬೇಕು. ಹೊಸವು ಎಷ್ಟೋ ಸಲ ಹಾಗೆಯೇ ಸಿದ್ಧವಾಗಿ ಬರುತ್ತವೆ. ಆಮೇಲೆ ಮೊದಲ ಕಾಲು ಡೇಟಾ, ಎರಡನೆಯದು ಸೆಲೆಕ್ಟ್, ಮೂರನೆಯದು ಕ್ಲಾಕ್ ಆಗುತ್ತದೆ. ಒಂದು ಮಾಡ್ಯೂಲ್ ಒಂದು ಹೊತ್ತಿಗೆ ಒಂದೇ ಆವರ್ತನವನ್ನು ಕೇಳಬಲ್ಲದು, ಆದ್ದರಿಂದ ಒಬ್ಬ ಹಾರಾಟಗಾರನಿಗೆ ಒಂದು ಮಾಡ್ಯೂಲ್ ಬೇಕು. ಮೂರಕ್ಕೂ ಡೇಟಾ ಮತ್ತು ಕ್ಲಾಕ್ ತಂತಿಗಳನ್ನು ಹಂಚಿಕೊಟ್ಟು, ಸೆಲೆಕ್ಟ್ ತಂತಿಯನ್ನು ಮಾತ್ರ ಬೇರೆ ಬೇರೆಯಾಗಿ ಎಳೆಯಿರಿ. ವಿದ್ಯುತ್ತನ್ನು 5 ವೋಲ್ಟ್ ಮೂಲದಿಂದ ನೇರವಾಗಿ ಕೊಡಿ. ಈ ಮಾಡ್ಯೂಲ್‌ಗಳು ಕೈಗೆ ಬೆಚ್ಚಗೆ ಹತ್ತುವಷ್ಟು ವಿದ್ಯುತ್ ಹೀರುತ್ತವೆ. ಮೂರನ್ನೂ ಇಎಸ್‌ಪಿ32 ಬೋರ್ಡಿನ 3.3 ವೋಲ್ಟ್ ಕಾಲಿಗೆ ತಗುಲಿಸಿದರೆ, ವೈಫೈ ಚಾಲೂ ಆದ ಗಳಿಗೆಗೆ ಬೋರ್ಡು ಕುಸಿದು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಸಿಗ್ನಲ್ ಬಲ, ಅಂದರೆ ಆರ್‌ಎಸ್‌ಎಸ್‌ಐ, ಒಂದು ವೋಲ್ಟೇಜ್ ರೂಪದಲ್ಲಿ ಹೊರಬರುತ್ತದೆ. ಅದು ಸುಮಾರು 0.5 ವೋಲ್ಟಿನಿಂದ 1.1 ವೋಲ್ಟಿನ ನಡುವೆ ಆಡುತ್ತದೆ. ಇಲ್ಲಿ ಎರಡು ಎಡವಟ್ಟುಗಳು ಕಾದು ಕುಳಿತಿರುತ್ತವೆ. ಇಎಸ್‌ಪಿ32 ಚಿಪ್ಪಿನಲ್ಲಿ ವೋಲ್ಟೇಜ್ ಓದುವ ಎರಡು ಗುಂಪುಗಳಿದ್ದು, ಎರಡನೆಯ ಗುಂಪನ್ನು ವೈಫೈ ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಹೀಗಾಗಿ 32ರಿಂದ 39ರವರೆಗಿನ, ಮೊದಲ ಗುಂಪಿನ ಕಾಲುಗಳನ್ನೇ ಬಳಸಬೇಕು. ಮತ್ತೊಂದು, ಸಾಮಾನ್ಯವಾಗಿ ಬಳಸುವ ಸೆಟ್ಟಿಂಗಿನಲ್ಲಿ ಬೋರ್ಡು 3 ವೋಲ್ಟಿನಷ್ಟನ್ನು 4096 ಮೆಟ್ಟಿಲುಗಳಾಗಿ ಹಂಚುವುದರಿಂದ, ನಿಮಗೆ ಬೇಕಾದ ಅರ್ಧ ವೋಲ್ಟಿಗೆ ಕೆಲವೇ ನೂರು ಮೆಟ್ಟಿಲುಗಳು ಸಿಗುತ್ತವೆ. ಅಟೆನ್ಯುಯೇಶನ್ ಎಂಬ ಈ ಸೆಟ್ಟಿಂಗನ್ನು 2.5 ಡೆಸಿಬೆಲ್‌ಗೆ ಇಳಿಸಿದರೆ ಅಳತೆಯ ಮಿತಿ ಸುಮಾರು 1.25 ವೋಲ್ಟಿಗೆ ಇಳಿದು, ಮೆಟ್ಟಿಲುಗಳು ಹೆಚ್ಚು ಕಡಿಮೆ ಎರಡೂವರೆ ಪಟ್ಟಾಗುತ್ತವೆ. ಒಂದು ಸಾಲಿನ ಬದಲಾವಣೆ. ಫಲ ಮಾತ್ರ ಗೆರೆಯಲ್ಲೇ ಕಾಣುತ್ತದೆ.

ಈಗ ಜಾಗದ ವಿಚಾರ. ಗೇಟು ದಾಟುವಾಗ ಡ್ರೋನ್ 60 ಕಿ.ಮೀ. ವೇಗದಲ್ಲಿದೆ ಎಂದುಕೊಳ್ಳೋಣ; ಅಂದರೆ ಸೆಕೆಂಡಿಗೆ 16.7 ಮೀಟರ್. ಗೇಟಿನ ಆಚೆ ಈಚೆ ಮೂರು ಮೂರು ಮೀಟರನ್ನು ಅದು 0.36 ಸೆಕೆಂಡಿನಲ್ಲಿ ಕಳೆಯುತ್ತದೆ. ನೀವು ಸೆಕೆಂಡಿಗೆ ಸಾವಿರ ಸಲ ಓದಿದರೆ ಆ ಅವಧಿಯಲ್ಲಿ 360 ಅಂಕಿಗಳು ಸಿಗುತ್ತವೆ, ಆದ್ದರಿಂದ ಬೋರ್ಡಿನ ವೇಗದ ಬಗ್ಗೆ ಚಿಂತೆ ಬೇಡ. ಚಿಂತೆ ಇರಬೇಕಾದದ್ದು ಶಿಖರ ಎಷ್ಟು ಕಡಿದಾಗಿದೆ ಎಂಬುದರ ಬಗ್ಗೆ. ಸಿಗ್ನಲ್ ಬಲ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ: ರಿಸೀವರ್ ಗೇಟಿನಿಂದ 1.5 ಮೀಟರ್ ಪಕ್ಕಕ್ಕಿದ್ದರೆ, 6 ಮೀಟರ್ ದೂರದ ಡ್ರೋನಿಗೂ ಗೇಟಿನಲ್ಲಿರುವ ಡ್ರೋನಿಗೂ 16 ಪಟ್ಟು, ಅಂದರೆ 12 ಡೆಸಿಬೆಲ್ ವ್ಯತ್ಯಾಸ ಬರುತ್ತದೆ. ಅದೇ ರಿಸೀವರನ್ನು ನೆರಳಿನ ಆಸೆಗೆ 5 ಮೀಟರ್ ದೂರದ ಮಾವಿನ ಮರದಡಿ ಇಟ್ಟಿರೋ, ಶಿಖರ ಹೋಗಿ ದಿಬ್ಬವಾಗುತ್ತದೆ. ತೀರ ಹತ್ತಿರ ಇಟ್ಟರೆ ಇನ್ನೊಂದು ಕಷ್ಟ: ರಿಸೀವರಿನ ಕಿವಿ ತುಂಬಿಹೋಗಿ ಶಿಖರದ ತಲೆ ಚಪ್ಪಟೆಯಾಗುತ್ತದೆ. ಹಾಗಾದಾಗ ಡ್ರೋನಿನ ವಿಡಿಯೊ ಶಕ್ತಿಯನ್ನು 25 ಮಿಲಿವಾಟಿಗೆ ಇಳಿಸಿ, ರಿಸೀವರಿನ ಆಂಟೆನಾ ತೆಗೆದು 13 ಮಿಲಿಮೀಟರ್ ತಂತಿಯ ತುಂಡನ್ನಷ್ಟೇ ಉಳಿಸಿ. 5.8 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 5.2 ಸೆಂಟಿಮೀಟರ್, ಅದರ ಕಾಲು ಭಾಗ ಅಷ್ಟೇ.

ಗೆರೆ ಚೊಕ್ಕವಾದ ಮೇಲೆ ಎಣಿಕೆಗೆ ಬನ್ನಿ. ಒಂದೇ ಹೊಸ್ತಿಲು, ಅಂದರೆ ಎಣಿಕೆಗೆ ಗಡಿಯಾಗುವ ಒಂದೇ ಅಂಕಿ, ಇಟ್ಟರೆ ಗೆರೆ ಅದರ ಮೇಲೆ ಕೆಳಗೆ ನಡುಗಿದಾಗಲೆಲ್ಲ ಒಂದೊಂದು ಸುತ್ತು ಬೀಳುತ್ತದೆ. ಆದ್ದರಿಂದ ಎರಡು ಬೇಕು: ಪ್ರವೇಶಕ್ಕೆ ಎತ್ತರದ್ದು, ನಿರ್ಗಮನಕ್ಕೆ ತಗ್ಗಿನದು. ನನ್ನ ಸಾಧನದಲ್ಲಿ ಡ್ರೋನ್ ದೂರವಿದ್ದಾಗ 1700ರ ಆಸುಪಾಸು, ಗೇಟಿನಲ್ಲಿದ್ದಾಗ 3100ರ ಆಸುಪಾಸು ಅಂಕಿ ಬರುತ್ತದೆ; ಪ್ರವೇಶ 2700, ನಿರ್ಗಮನ 2300 ಎಂದು ಇಟ್ಟಿದ್ದೇನೆ. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ಇರಲೇಬೇಕು. ಮನೆಯ ಮೇಜಿನ ಮೇಲೆ ಇವನ್ನು ನಿಗದಿ ಮಾಡದೆ, ಸಾಧನ ಚಾಲೂ ಮಾಡಿ ಹತ್ತು ನಿಮಿಷ ಬಿಸಿಯಾಗಲು ಬಿಟ್ಟು, ಗದ್ದೆಯಲ್ಲೇ ನಿಗದಿ ಮಾಡಿ. ಗೆರೆ ಪ್ರವೇಶದ ಹೊಸ್ತಿಲು ದಾಟಿದಾಗ ಸಾಧನ ಎಚ್ಚರಗೊಂಡು, ಅಲ್ಲಿಂದ ಕಂಡ ಅತಿ ದೊಡ್ಡ ಅಂಕಿಯನ್ನೂ ಅದರ ಹೊತ್ತನ್ನೂ ನೆನಪಿಟ್ಟುಕೊಳ್ಳುತ್ತ ಹೋಗಿ, ನಿರ್ಗಮನದ ಹೊಸ್ತಿಲಿಗಿಂತ ಕೆಳಗಿಳಿದ ಮೇಲಷ್ಟೇ ಆ ಹೊತ್ತನ್ನು ಸುತ್ತಿನ ಹೊತ್ತೆಂದು ದಾಖಲಿಸಬೇಕು. ತಲೆ ಚಪ್ಪಟೆಯಾಗಿದ್ದರೆ ಚಪ್ಪಟೆ ಭಾಗದ ನಟ್ಟನಡುವನ್ನು ತೆಗೆದುಕೊಳ್ಳಿ.

ಗೆರೆಯ ಒರಟು ತೆಗೆಯಲು ಸರಾಸರಿ ಮಾಡಿದರೆ ಸಮಯ ತಡವಾಗುವುದಿಲ್ಲವೇ ಎಂದು ಅನೇಕರು ಅಂಜುತ್ತಾರೆ. ತಡವಾಗುತ್ತದೆ, ಆದರೆ ಪ್ರತಿ ಸುತ್ತಿಗೂ ಒಂದೇ ಅಳತೆಯಲ್ಲಿ. ಸುತ್ತಿನ ಸಮಯ ಎಂದರೆ ಎರಡು ಹೊತ್ತುಗಳ ವ್ಯತ್ಯಾಸವಾದ್ದರಿಂದ, ಎರಡರಲ್ಲೂ ಇರುವ ಅದೇ 20 ಮಿಲಿಸೆಕೆಂಡು ಕಳೆಯುವಾಗ ವಜಾ ಆಗಿಹೋಗುತ್ತದೆ. ಇದು ಒಪ್ಪದ ಜಾಗ ಒಂದೇ: ಸೀಟಿ ಊದಿದಲ್ಲಿಂದ ಮೊದಲ ಸಲ ಗೇಟು ದಾಟುವವರೆಗಿನ ಸಮಯ. ಅದನ್ನು ಪ್ರತ್ಯೇಕವಾಗಿಟ್ಟು, ಮೊದಲ ದಾಟುವಿಕೆಯಿಂದಲೇ ಸುತ್ತು ಎಣಿಸಿ. ಹೊತ್ತು ಹಿಡಿಯಲು ಮೈಕ್ರೊಸೆಕೆಂಡಿನ 32 ಬಿಟ್ ಎಣಿಕೆ ಬಳಸುವುದಾದರೆ ಅದು 71 ನಿಮಿಷಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ ಎಂಬುದು ನೆನಪಿರಲಿ. ಚಿಹ್ನೆಯಿಲ್ಲದ ಅಂಕಿಗಳಾಗಿಯೇ ಇಟ್ಟು ಕಳೆದರೆ ಉತ್ತರ ಸರಿಯಾಗಿ ಬರುತ್ತದೆ. ಹೊತ್ತಿನ ಲಯ ಹಿಡಿಯಲು ಸೆರಾಮಿಕ್ ರೆಸೊನೇಟರ್ ಇರುವ ಅಗ್ಗದ ಬೋರ್ಡು ಬಳಸಬೇಡಿ. ಅದು ಶೇಕಡಾ ಅರ್ಧದಷ್ಟು ತಪ್ಪಿದರೂ 30 ಸೆಕೆಂಡಿನ ಸುತ್ತಿಗೆ 0.15 ಸೆಕೆಂಡು ಹೋಯಿತು. ಇಎಸ್‌ಪಿ32ರಲ್ಲಿ ಆ ಕೆಲಸಕ್ಕೆ ಸ್ಫಟಿಕದ ಹರಳು ಇರುವುದರಿಂದ ನಿಮಗೆ ಆ ತೊಂದರೆ ಇಲ್ಲ.

ಸಾವಿರದಲ್ಲೊಂದು ಭಾಗದ ಮಾತು ಈಗ. ಡ್ರೋನ್ ಗೇಟಿನೊಳಗೆ ವಾಲಿಕೊಂಡು ನುಗ್ಗುತ್ತದೆ. ವಾಲಿದಂತೆ ಅದರ ಆಂಟೆನಾ ಮುಖ ಮಾಡಿದ ದಿಕ್ಕು ಬದಲಾಗಿ, ಶಿಖರ ಗೇಟಿಗಿಂತ ಅರ್ಧ ಮೀಟರ್, ಕೆಲವೊಮ್ಮೆ ಒಂದು ಮೀಟರ್ ಆಚೀಚೆ ಬೀಳುತ್ತದೆ. ಸೆಕೆಂಡಿಗೆ 16.7 ಮೀಟರ್ ವೇಗದಲ್ಲಿ ಒಂದು ಮೀಟರ್ ಎಂದರೆ 0.06 ಸೆಕೆಂಡು. ಪರದೆಯ ಮೇಲೆ ಮೂರು ದಶಮಾಂಶ ತೋರಿಸಲು ಯಾರ ಅಡ್ಡಿಯೂ ಇಲ್ಲ, ಆದರೆ ಮೂರನೆಯದು ಬರಿಯ ಅಲಂಕಾರ. ಎರಡು ಸುತ್ತುಗಳ ನಡುವೆ 0.05 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಮ ಎಂದು ಮೊದಲೇ ಮಾತಾಡಿಕೊಳ್ಳಿ. ಸ್ಟಾಪ್‌ವಾಚಿನ ಜಗಳ ಟೈಮರಿಗೆ ವರ್ಗವಾಗುವುದು ತಪ್ಪುತ್ತದೆ.

ಚಾನೆಲ್‌ಗಳ ಬಗ್ಗೆ ಒಂದು ಮಾತು. ಡ್ರೋನ್ ಓಟಗಳಲ್ಲಿ ಬಳಸುವ ರೇಸ್‌ಬ್ಯಾಂಡ್ ಎಂಬ ಆವರ್ತನ ಪಟ್ಟಿಯ ಎಂಟು ಚಾನೆಲ್‌ಗಳು 5658 ಮೆಗಾಹರ್ಟ್ಸ್‌ನಿಂದ 37ರ ಸಮ ಅಂತರದಲ್ಲಿವೆ. ಸಮ ಅಂತರವೇ ಇಲ್ಲಿ ಮುಳುವು: ಹತ್ತಿರ ಹತ್ತಿರ ಇರುವ ಎರಡು ಟ್ರಾನ್ಸ್‌ಮಿಟರ್‌ಗಳು ಬೆರೆತು ಮೂರನೆಯ ಭೂತ ಆವರ್ತನ ಹುಟ್ಟಿಸುತ್ತವೆ, ಮತ್ತು 1, 2ನೇ ಚಾನೆಲ್‌ಗಳ ಭೂತ (5695ರ ಇಮ್ಮಡಿಯಲ್ಲಿ 5658 ಕಳೆದರೆ 5732) ಸರಿಯಾಗಿ 3ನೇ ಚಾನೆಲ್ ಮೇಲೆಯೇ ಬಂದು ಕೂರುತ್ತದೆ. ಮೂವರಿಗೆ 1, 3, 6 ಒಳ್ಳೆಯ ಆಯ್ಕೆ, ಅಂದರೆ 5658, 5732, 5843. ಅವುಗಳ ಭೂತಗಳೆಲ್ಲ ಕಡೇಪಕ್ಷ 37 ಮೆಗಾಹರ್ಟ್ಸ್ ದೂರ ಉಳಿಯುತ್ತವೆ. 7 ಮತ್ತು 8ನೇ ಚಾನೆಲ್‌ಗಳನ್ನು ಮುಟ್ಟಬೇಡಿ. ನಮ್ಮ ದೇಶದಲ್ಲಿ ಪರವಾನಗಿ ಬೇಡದ ಪಟ್ಟಿ 5875ಕ್ಕೆ ಮುಗಿಯುತ್ತದೆ, ಅವು ಅದರಾಚೆಗಿವೆ.

ಪ್ರಶ್ನೆ: ಅಡಿಕೆ ಸುಗ್ಗಿ ಮುಗಿದ ಮೇಲೆ ನಮ್ಮ ಅಂಗಳ ಖಾಲಿ ಬೀಳುತ್ತದೆ. ಅಂಗಳಕ್ಕೆ ತಗಡಿನ ಮಾಡು ಹೊದಿಸಿದ್ದೇವೆ. ಅಡಿಕೆ ದಬ್ಬೆಯಿಂದ ಗೇಟುಗಳನ್ನು ಮಾಡಿ, ಅಂಗೈಯಗಲದ ಡ್ರೋನ್‌ಗಳನ್ನು ಮಗ ಮತ್ತು ಅವನ ಗೆಳೆಯರು ಓಡಿಸುತ್ತಾರೆ. ಅವನೇ ಕಟ್ಟಿದ ಟೈಮರ್ ಒಂದು ಸಲ ದಾಟಿದರೆ ಎರಡು ಸುತ್ತು ಎಣಿಸುತ್ತದೆ. ಕೆಲವೊಮ್ಮೆ ಡ್ರೋನ್ ಅಂಗಳದ ಆಚೆ ತುದಿಯಲ್ಲಿದ್ದಾಗಲೂ ಎಣಿಸುತ್ತದೆ. ಬಯಲಿನಲ್ಲಿ ಇದೇ ಟೈಮರ್ ಸರಿಯಾಗಿ ನಡೆದಿತ್ತು. ಮಗ ಪ್ರೋಗ್ರಾಮನ್ನು ಮೂರು ಸಲ ತಿದ್ದಿ ಬರೆದಿದ್ದಾನೆ.
– ಗೃಹಿಣಿ, ಶಿರಸಿ ತಾಲ್ಲೂಕು

ಉತ್ತರ: ನಾಲ್ಕನೆಯ ಸಲ ತಿದ್ದುವುದು ಬೇಡ ಎಂದು ಮಗನಿಗೆ ಹೇಳಿ. ದೋಷ ಮಾಡಿನದು.

ನನಗೂ ಇದೇ ಅನುಭವವಾಗಿದೆ. ಪರಿಚಯದವರ ಮನೆಯ ಇಂಥದೇ ಅಂಗಳದಲ್ಲಿ, ಹತ್ತು ಸುತ್ತಿನ ಓಟದಲ್ಲಿ ಒಬ್ಬ ಹುಡುಗನಿಗೆ ಹದಿನಾಲ್ಕು ಸುತ್ತು ದಾಖಲಾಗಿ, ಅವನು ಬಹುಮಾನಕ್ಕೆ ಕೈ ಚಾಚಿಯೂ ಆಗಿತ್ತು. ಗೆರೆಯನ್ನು ಎಳೆದು ನೋಡಿದಾಗ ಶಿಖರ ಒಂದಲ್ಲ, ಒಂಟೆಯ ಬೆನ್ನಿನಂತೆ ಎರಡು, ನಡುವೆ ಆಳವಾದ ಕಣಿವೆ. ಡ್ರೋನಿನಿಂದ ಅಲೆ ನೇರವಾಗಿಯೂ ಬರುತ್ತದೆ, ತಗಡಿಗೆ ಬಡಿದು ಮರಳಿಯೂ ಬರುತ್ತದೆ. ಈ ಎರಡು ದಾರಿಗಳ ಉದ್ದದ ವ್ಯತ್ಯಾಸ ಅರ್ಧ ಅಲೆಯಷ್ಟು, ಅಂದರೆ ಬರಿಯ 2.6 ಸೆಂಟಿಮೀಟರಿನಷ್ಟು ಬದಲಾದರೆ ಸಾಕು, ಕೂಡಿಕೊಳ್ಳುತ್ತಿದ್ದ ಅಲೆಗಳು ಒಂದನ್ನೊಂದು ಅಳಿಸುತ್ತವೆ. ಡ್ರೋನ್ ಗೇಟಿನಲ್ಲೇ ಇದ್ದರೂ ರಿಸೀವರಿಗೆ ದೂರ ಹೋದಂತೆ ಕೇಳುತ್ತದೆ. ಗೆರೆ ನಿರ್ಗಮನದ ಹೊಸ್ತಿಲು ಇಳಿದು ಮತ್ತೆ ಏರಿತು, ಎರಡು ಸುತ್ತಾಯಿತು. ಅಂಗಳದ ಆಚೆ ತುದಿಯಲ್ಲಿ ಇದಕ್ಕೆ ತಿರುಗುಮುರುಗು: ಅಲ್ಲಿ ಎರಡು ಅಲೆಗಳು ಕೂಡಿಕೊಂಡು, ದೂರದ ಡ್ರೋನ್ ಹತ್ತಿರದಂತೆ ಕೇಳುತ್ತದೆ.

ನಾನು ಮಾಡಿದ್ದು ಇಷ್ಟು. ತಗಡಿನ ಬಿಸ್ಕತ್ತಿನ ಡಬ್ಬಿಯೊಂದರ ಮುಚ್ಚಳ ತೆಗೆದು, ರಿಸೀವರನ್ನು ಅದರ ತಳದಲ್ಲಿ ಕೂರಿಸಿ, ಡಬ್ಬಿಯನ್ನು ಅಡ್ಡ ಮಲಗಿಸಿ ತೆರೆದ ಬಾಯಿ ಗೇಟಿನ ಕಡೆ ನೋಡುವಂತೆ ಕಟ್ಟಿದೆ. ಮಾಡಿನಿಂದಲೂ ಹಿಂದಿನಿಂದಲೂ ಬರುವ ಅಲೆಗಳಲ್ಲಿ ಬಹುಪಾಲು ಹೊರಗೇ ಉಳಿದವು. ಗೇಟಿನ ಪಕ್ಕದಲ್ಲೇ ಹಾದುಹೋಗುತ್ತಿದ್ದ ಮರಳುವ ದಾರಿಯನ್ನು ಅಂಗಳದ ಇನ್ನೊಂದು ಬದಿಗೆ ಸರಿಸಿದೆವು. ಡ್ರೋನಿನಲ್ಲಿ ವರ್ತುಲ ಧ್ರುವೀಕರಣದ, ಅಂದರೆ ಅಲೆಯನ್ನು ಎಡಕ್ಕೋ ಬಲಕ್ಕೋ ತಿರುಪಿನಂತೆ ತಿರುಗಿಸುತ್ತ ಕಳುಹಿಸುವ, ಆಂಟೆನಾ ಇದ್ದರೆ ರಿಸೀವರಿಗೂ ಅದೇ ಕೈಯ, ಬಲಗೈಯದಕ್ಕೆ ಬಲಗೈಯದೇ, ಆಂಟೆನಾ ಹಾಕಿ ನೋಡಿ. ಒಮ್ಮೆ ಬಡಿದು ಮರಳಿದ ಅಲೆಯ ಕೈ ತಿರುಗಿರುವುದರಿಂದ ಅದು ತುಂಬ ಕ್ಷೀಣವಾಗಿ ಕೇಳುತ್ತದೆ. ಇಷ್ಟೆಲ್ಲ ಆದ ಮೇಲೆ, ಹಿಂದಿನ ಸುತ್ತಿನಿಂದ ಐದು ಸೆಕೆಂಡು ಕಳೆಯುವವರೆಗೆ ಮತ್ತೊಂದನ್ನು ಎಣಿಸಬೇಡ ಎಂಬ ನಿಯಮವನ್ನು ಪ್ರೋಗ್ರಾಮಿಗೆ ಸೇರಿಸಿ. ಮೊದಲೇ ಸೇರಿಸಿದರೆ ಕಾಯಿಲೆ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ.

ಗೇಟಿನ ಬಳಿ ಬಿದ್ದ ಡ್ರೋನನ್ನು ಎತ್ತಿಕೊಂಡು ಹೋಗುವಾಗಲೂ ಒಂದು ಸುಳ್ಳು ಸುತ್ತು ಬೀಳುತ್ತದೆ. ಅದಕ್ಕೆ ಯಂತ್ರದಲ್ಲಿ ಮದ್ದಿಲ್ಲ. ಆ ಸುತ್ತನ್ನು ಕೈಯಿಂದ ಅಳಿಸುವ ಗುಂಡಿಯೊಂದಿರಲಿ.

ಪ್ರಶ್ನೆ: ಎಲ್ಲವನ್ನೂ ನಾವೇ ಬರೆಯಬೇಕೇ? ಸಿದ್ಧ ತಂತ್ರಾಂಶ ಇಲ್ಲವೇ?
– ಓದುಗ, ಅಂಕೋಲಾ

ಉತ್ತರ: ಇದೆ. ರೋಟರ್‌ಹಜಾರ್ಡ್ ಎಂಬುದು ಮುಕ್ತ ತಂತ್ರಾಂಶ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಓಡುತ್ತದೆ, ಇದೇ ಆರ್‌ಎಕ್ಸ್5808 ಮಾಡ್ಯೂಲ್‌ಗಳನ್ನು ಬಳಸುತ್ತದೆ, ಸಿಗ್ನಲ್ ಗೆರೆಯನ್ನು ಪರದೆಯ ಮೇಲೆ ತೋರಿಸುತ್ತದೆ. ಒಬ್ಬರೇ ಅಭ್ಯಾಸ ಮಾಡುವವರಿಗೆ ಒಂದು ಇಎಸ್‌ಪಿ32, ಒಂದು ರಿಸೀವರ್ ಸಾಕಾಗುವ ಫೋಬೋಸ್‌ಎಲ್‌ಟಿ ಇದೆ. ಪಂದ್ಯ ನಡೆಸುವುದೇ ಗುರಿಯಾದರೆ ಇವನ್ನೇ ಬಳಸಿ. ಕಲಿಯುವುದು ಗುರಿಯಾದರೆ ಒಂದು ಮಾಡ್ಯೂಲಿನದನ್ನು ಸ್ವಂತ ಬರೆದು, ಆಮೇಲೆ ಇವುಗಳಿಗೆ ಹೋಗಿ. ಹೊಸ್ತಿಲು ಎಲ್ಲಿಡಬೇಕು ಎಂಬುದನ್ನು ಸಿದ್ಧ ತಂತ್ರಾಂಶವೂ ನಿಮ್ಮನ್ನೇ ಕೇಳುತ್ತದೆ.

ಪ್ರಶ್ನೆ: ಕಾರವಾರದ ಕಡಲತೀರದಲ್ಲಿ ಓಟ ನಡೆಸಿ, ಟೈಮರನ್ನು ಮರಳಿನಲ್ಲಿ ನೆಟ್ಟ ಕಂಬಕ್ಕೆ ಕಟ್ಟಬೇಕೆಂದಿದ್ದೇವೆ. ಉಪ್ಪುಗಾಳಿಯಿಂದ ಅದನ್ನು ಕಾಪಾಡುವುದು ಹೇಗೆ? ಬಿಸಿಲಿನಲ್ಲಿ ರೇಡಿಯೊ ಅಲೆಯ ಬದಲು ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕು) ಬಳಸಿದರೆ ಹೆಚ್ಚು ನಿಖರವೇ?
– ಓದುಗರು, ಕಾರವಾರ

ಉತ್ತರ: ಉಪ್ಪಿಗಿಂತ ಮೊದಲು ನೌಕಾನೆಲೆಯ ಬಗ್ಗೆ ಯೋಚಿಸಬೇಕು. ಅರ್ಗಾದ ಬಳಿ ಐಎನ್‌ಎಸ್ ಕದಂಬ ಇದೆ. ತನ್ನ ನೆಲೆಗಳ ಸುತ್ತ 3 ಕಿ.ಮೀ. ವ್ಯಾಪ್ತಿಯಲ್ಲಿ ಡ್ರೋನ್ ಹಾರಾಟ ಕೂಡದೆಂದು ನೌಕಾಪಡೆ 2021ರಲ್ಲೇ ಪ್ರಕಟಿಸಿದೆ. ಇತ್ತ ಒಳನಾಡಿಗೆ ಹೋದರೆ ಕೈಗಾ ಅಣು ವಿದ್ಯುತ್ ಸ್ಥಾವರ. ಅದೇ ವರ್ಷದ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿದ್ದು, ಕೆಂಪಿನಲ್ಲಿ ಹಾರಿಸಲು ಕೇಂದ್ರ ಸರ್ಕಾರದ ಅನುಮತಿಯೇ ಬೇಕು. ನೀವು ನಿಲ್ಲುವ ಜಾಗದ ಬಣ್ಣ ಯಾವುದು ಎಂಬುದನ್ನು ಸರ್ಕಾರದ ವಾಯುಪ್ರದೇಶ ನಕ್ಷೆಯಲ್ಲಿ ಹಾರಿಸುವ ದಿನವೇ ನೋಡಿ, ನಿಮ್ಮ ಠಾಣೆಗೂ ಒಂದು ಮಾತು ತಿಳಿಸಿ. ನನ್ನ ಅಭಿಪ್ರಾಯ ಕೇಳಿದರೆ, ನಗರದ ಕಡಲತೀರವನ್ನು ಬಿಟ್ಟು, ಯಾವುದಾದರೂ ಸಭಾಭವನ ಸಿಕ್ಕ ದಿನ ಒಳಾಂಗಣದಲ್ಲೇ ಅಂಗೈಯಗಲದ ಡ್ರೋನ್‌ಗಳನ್ನು ಓಡಿಸುವುದು ನಿರಾಳ.

ಇನ್‌ಫ್ರಾರೆಡ್‌ನ ಅನುಕೂಲ ನಿಜ: ಡ್ರೋನಿನ ಮೇಲೊಂದು ಪುಟ್ಟ ದೀಪ 38 ಕಿಲೊಹರ್ಟ್ಸ್ ಲಯದಲ್ಲಿ ತನ್ನ ಸಂಖ್ಯೆಯನ್ನು ಮಿನುಗುತ್ತದೆ, ಗೇಟಿನಲ್ಲಿ ಟಿವಿ ರಿಮೋಟಿಗೆ ಬಳಸುವಂಥದೇ ಗ್ರಾಹಕ (ಬೆಳಕು ಹಿಡಿಯುವ ಬಿಡಿಭಾಗ) ಅದನ್ನು ಓದುತ್ತದೆ. ಗುರುತು ಸ್ಪಷ್ಟ, ಜಾಗವೂ ಸ್ಪಷ್ಟ. ಆದರೆ ಮರಳಿನ ಮೇಲಿನ ಮಧ್ಯಾಹ್ನದ ಬಿಸಿಲು ಗ್ರಾಹಕದ ಕಣ್ಣು ಕುಕ್ಕುತ್ತದೆ. ಜೊತೆಗೆ ಪ್ರತಿ ಡ್ರೋನಿಗೂ ಒಂದು ದೀಪ ಅಂಟಿಸಿ ತಂತಿ ಎಳೆಯಬೇಕು. ಸಭಾಭವನದೊಳಗಾದರೆ ನಾನು ಇದನ್ನೇ ಆರಿಸುತ್ತಿದ್ದೆ.

ಉಪ್ಪಿನ ಕಾಟ ಭವನದೊಳಗೂ ತಪ್ಪದು, ಊರೇ ಕಡಲಿನದು. ಬೋರ್ಡಿನ ಬೆಸುಗೆಗಳ ಮೇಲೆ ರಕ್ಷಣಾ ಲೇಪನ ಕೊಡಿ. ರಿಸೀವರಿನ ತಗಡಿನ ಮುಚ್ಚಳದೊಳಕ್ಕೂ ಕನೆಕ್ಟರ್‌ಗಳಿಗೂ ಅದು ಇಳಿಯದಂತೆ ನೋಡಿಕೊಳ್ಳಿ. ಹೊರಗೆ ಕಟ್ಟುವುದಾದರೆ ತಂತಿಗಳು ಪೆಟ್ಟಿಗೆಯ ತಳದಿಂದ ಒಳಹೋಗಲಿ, ಪ್ರವೇಶಿಸುವ ಮುನ್ನ ಒಂದು ಬಳುಕು ಕೆಳಗೆ ಜೋತಿರಲಿ. ನೀರು ತಂತಿ ಹಿಡಿದು ಒಳಗೆ ಬಾರದೆ ಅಲ್ಲೇ ತೊಟ್ಟಿಕ್ಕುತ್ತದೆ. ಆಟ ಮುಗಿದ ಸಂಜೆ ಪೆಟ್ಟಿಗೆಯ ಹೊರಮೈಯನ್ನು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ. ಜೂನ್ ಹೊತ್ತಿಗೆ ಆ ಪೊಟ್ಟಣವನ್ನು ಬದಲಿಸಲು ಮರೆಯಬೇಡಿ.